ಪೂಜೆಗಿಟ್ಟ ನಂಬರು

ಬೆಟಗೇರಿಯ ಆ ಮಹಡಿಯ ಮೆಟ್ಟಿಲನ್ನು ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಇಪ್ಪತ್ತೆರಡು ಮೆಟ್ಟಿಲು, ನಡುವೆ ಒಂದು ತಿರುವು. ಯಾರೂ ಉಗುಳಬಾರದೆಂದು ಆ ತಿರುವಿನ ಮೂಲೆಯಲ್ಲಿ ಎಲ್ಲ ಧರ್ಮದ ದೇವರ ಚಿತ್ರವಿರುವ ಟೈಲ್ಸ್ ಕೂಡಿಸಿದ್ದರು. ಜನ ದೇವರಿಗೆ ಮರ್ಯಾದೆ ಕೊಟ್ಟು ಒಂದು ಗೇಣು ಕೆಳಗೆ ಉಗುಳಿದ್ದರು. ಸೊಂಟದ ಎಲುಬು ಮುರಿದು ಕೂಡಿದ ಹೆಂಗಸು ನಾನು, ಕಟಕಟೆ ಹಿಡಿಯದೆ ಹತ್ತಲಾರೆ. ಆ ಕಟಕಟೆಗೂ ಯಾರೋ ಸುಣ್ಣದ ಬೆರಳು ಒರೆಸಿರುತ್ತಿದ್ದರು. ಒಂದು ನಂಬರಿಗಾಗಿ, ಸೆರಗನ್ನು ಮೂಗಿಗೆ ಹಿಡಿದುಕೊಂಡು, ಆ ಮೆಟ್ಟಿಲನ್ನು ಎಷ್ಟು ಸಲ ಹತ್ತಿದೆ ಎಂದು ನಾನು ಎಣಿಸಿಲ್ಲ. ಎಣಿಸಿದ್ದರೆ ಇನ್ನಷ್ಟು ಹೇಸಿಗೆಯಾಗುತ್ತಿತ್ತು.

ನಂಬರೆಂದರೆ ಫೋನಿನದಲ್ಲ, ಮನೆಯ ಬ್ರಾಡ್‌ಬ್ಯಾಂಡಿನದು. ಸ್ಟ್ಯಾಟಿಕ್ ಐಪಿ ಎನ್ನುತ್ತಾರೆ. ನನಗೆ ತಿಳಿದಷ್ಟು ಹೇಳುತ್ತೇನೆ. ಇಂಟರ್ನೆಟ್ಟಿಗೆ ಕಾಲಿಡುವ ಪ್ರತಿ ಮನೆಗೂ ಒಂದು ನಂಬರು ಬೇಕು, ಆದರೆ ನಮ್ಮಂಥವರ ಮನೆಗಳಲ್ಲಿ ಅದು ಸ್ವಂತದ್ದಲ್ಲ. ಕರೆಂಟು ಹೋಗಿ ಬಂದರೆ ಒಂದು, ಮರುದಿನ ಇನ್ನೊಂದು. ಎಷ್ಟೋ ಸಲ ಇಡೀ ಓಣಿಯೇ ಒಂದು ನಂಬರಿನ ಹಿಂದೆ ನಿಂತಿರುತ್ತದೆ. ಧಾರಾವಾಹಿ ನೋಡುವವರಿಗೆ, ಹಾಡು ಕೇಳುವವರಿಗೆ ಇದರಿಂದ ಏನೂ ಆಗುವುದಿಲ್ಲ. ನನಗೆ ಆಗುತ್ತಿತ್ತು. ನಮ್ಮ ಮನೆಯದೇ ಆದ, ಎಂದೂ ಬದಲಾಗದ ಒಂದು ನಂಬರು ನನಗೆ ಬೇಕಿತ್ತು.

ಯಾಕೆಂದರೆ ನಾನು ಮೋಡಿ ಓದಬಲ್ಲೆ. ಹಿಂದಿನ ಕಚೇರಿಗಳಲ್ಲಿ ಮರಾಠಿ ಬರೆಯುತ್ತಿದ್ದ, ಲೇಖನಿ ಎತ್ತದೆ ಸರಸರ ಓಡುವ ಲಿಪಿ ಅದು. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಮರಾಠಿ ಸಂಸ್ಥಾನಿಕರ ಆಳ್ವಿಕೆಯಿದ್ದುದರಿಂದ ಅಲ್ಲಿಯ ಹಳೆಯ ಹೊಲಮನೆಯ ಕಾಗದಗಳೆಲ್ಲ ಅದರಲ್ಲೇ ಇವೆ. ಲಕ್ಷ್ಮೇಶ್ವರದ ನನ್ನ ಅಜ್ಜ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಅಪ್ಪ ಅದೇ ಊರಿನಲ್ಲಿ ಖರೀದಿಪತ್ರ ಬರೆದುಕೊಡುತ್ತಿದ್ದರು. ಅಜ್ಜನಿಂದ ಕಲಿತ ಮೋಡಿಯನ್ನು ಅಪ್ಪ ಪಾಟಿಯ ಮೇಲೆ ನನಗೆ ತಿದ್ದಿಸಿದರು. ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ ಎಂದು ನಕ್ಕ ಬಂಧುಗಳೇ ಮುಂದೆ ತಮ್ಮ ಹೊಲದ ಕಾಗದ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು.

ಗದಗ ಹೊಸ ಜಿಲ್ಲೆಯಾಗಿ, ಧಾರವಾಡದಿಂದ ಕಾಗದದ ಗಂಟುಗಳು ಲಾರಿಯಲ್ಲಿ ಬಂದು ಬಿದ್ದಾಗ ನಾನು ಹೊಸ ಕಚೇರಿಯ ದಫ್ತರಖಾನೆಯಲ್ಲಿ ಗುಮಾಸ್ತೆ. ಹಳೆಯ ದಾಖಲೆಗಳ ನಕಲು ಕೊಡುವುದು ನನ್ನ ಕೆಲಸ. ಇಡೀ ಕಚೇರಿಯಲ್ಲಿ ಮೋಡಿ ಬಲ್ಲವಳು ನಾನೊಬ್ಬಳೇ. ಸಾಹೇಬರೂ ನನ್ನ ಮೇಜಿನ ತನಕ ನಡೆದು ಬರುತ್ತಿದ್ದರು. ಅದರ ಸೊಕ್ಕು ನನಗೆ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ ಗದಗ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಬಿದ್ದೆ. ಸೊಂಟ ಕೂಡಿತು, ಆದರೆ ನೌಕರಿ ಕೂಡಲಿಲ್ಲ. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಕಲಿತ ಲಿಪಿ ತಲೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿತ್ತು.

ಹಾಗೆ ಕೆಲವು ವರ್ಷ ಕಳೆದ ಮೇಲೆ ಹುಬ್ಬಳ್ಳಿಯ ಒಂದು ಸಂಸ್ಥೆಯಿಂದ ಫೋನು ಬಂತು. ಅವರು ಹಳೆಯ ದಫ್ತರಗಳ ಚಿತ್ರ ತೆಗೆದು, ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಬರೆಸುತ್ತಿದ್ದರಂತೆ. ದಿನಾ ಹುಬ್ಬಳ್ಳಿಗೆ ಬರಲು ನನ್ನಿಂದ ಆಗದು ಎಂದಾಗ, ಮನೆಯಲ್ಲೇ ಕೂತು ಮಾಡಿ ಎಂದರು. ಪರೀಕ್ಷೆಗೆಂದು ಒಂದು ಪುಟದ ಚಿತ್ರ ಕಳಿಸಿದರು. ಲಕ್ಷ್ಮೇಶ್ವರದ ದಫ್ತರದ ಪುಟ. ನಾನು ಕನ್ನಡಕ ಹಾಕಿಕೊಂಡು ಒಂದು ಸಾಲು ಓದಿದೆ, ಎರಡು ಸಾಲು ಓದಿದೆ, ಮೂರನೆಯ ಸಾಲಿಗೆ ಎದ್ದುಹೋಗಿ ಅಪ್ಪನ ಟ್ರಂಕು ತೆಗೆದೆ. ಅದರಲ್ಲಿ ಅಜ್ಜ ಬರೆದ ಒಂದೇ ಒಂದು ಹಾಳೆಯನ್ನು ಅಪ್ಪ ಜೋಪಾನ ಮಾಡಿದ್ದರು. ಎರಡನ್ನೂ ಅಕ್ಕಪಕ್ಕ ಹಿಡಿದೆ. ಸಾಲಿನ ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಮೇಲೆ ಚುಕ್ಕೆ ಇಡುವ ಆ ಚಾಳಿ ಎರಡರಲ್ಲೂ ಇತ್ತು. ಆ ಗಂಟನ್ನು ಬರೆದವರು ನನ್ನ ಅಜ್ಜ.

ನಾನು ಅಜ್ಜನನ್ನು ನೋಡಿದವಳಲ್ಲ. ಅವರ ಒಂದು ಹಾಳೆಯ ಜೊತೆ ಬೆಳೆದವಳು. ಈಗ ನೂರಾರು ಹಾಳೆಗಳು ಕಾದಿವೆ ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಸಂಸ್ಥೆಯದೊಂದು ಷರತ್ತಿತ್ತು. ಕಾಗದಗಳು ಸರಕಾರದವು, ಎಲ್ಲೆಂದರಲ್ಲಿ ತೆರೆಯುವಂತಿಲ್ಲ. ಯಾರ ಮನೆಯಲ್ಲಿ ಬದಲಾಗದ ನಂಬರು ಇದೆಯೋ ಅವರಿಗೆ ಮಾತ್ರ ತೆರೆಯುತ್ತದೆ. ಮೊದಲು ಹತ್ತು ದಿನ ಅವರ ಯಂತ್ರ ನೋಡುತ್ತದೆ, ನಂಬರು ಒಂದೇ ಆಗಿ ನಿಂತರೆ ದಫ್ತರ ನನಗೆ. ನಡುವೆ ಒಂದು ಸಲ ಬದಲಾದರೂ ಅರ್ಜಿ ರದ್ದು, ದಫ್ತರ ಪುಣೆಗೆ. ನನ್ನೊಡನೆ ಮಾತಾಡುತ್ತಿದ್ದ ಹುಬ್ಬಳ್ಳಿಯ ಮೇಡಂ ಇದನ್ನೆಲ್ಲ ಬಹಳ ನಯವಾಗಿ ಹೇಳಿದರು. ಪುಣೆಯಲ್ಲಿ ಮೋಡಿ ಓದುವವರಿಗೇನು ಬರವೇ? ಆದರೆ ಅವರಿಗೆ ಕರಿನೆಲದ ಎರೆ ಯಾವುದು ಕೆಂಪುನೆಲದ ಮಸಾರಿ ಯಾವುದು, ಯಾವ ಹಳ್ಳ ಯಾವ ಮಡ್ಡಿಯ ದಿಬ್ಬದ ಬುಡದಲ್ಲಿ ಹರಿಯುತ್ತದೆ ಎಂದು ಹೇಗೆ ಗೊತ್ತಾಗಬೇಕು? ನನ್ನ ಅಜ್ಜನ ಅಕ್ಷರ ಅವರ ಕೈಯಲ್ಲಿ ಏನೇನೋ ಆಗಿಹೋಗುತ್ತಿತ್ತು.

ಹಾಗಾಗಿ ಮೆಟ್ಟಿಲು ಹತ್ತಿದೆ.

ಮೇಲೆ ನಮ್ಮ ಓಣಿಗೆಲ್ಲ ಬ್ರಾಡ್‌ಬ್ಯಾಂಡ್ ಕೊಡುವವರ ಆಫೀಸು. ಮಾಲೀಕರು ಮೊದಲು ಕೇಬಲ್ ಟೀವಿ ನಡೆಸುತ್ತಿದ್ದರು. ಕಾಲ ಬದಲಾದಂತೆ ಅದೇ ಕಂಬಗಳ ಮೇಲೆ ಹೊಸ ವೈರು ಎಳೆದು ಮುಂಡರಗಿಯ ತನಕ ಹಬ್ಬಿದ್ದರು. ದೊಡ್ಡ ಕುರ್ಚಿ, ಅದರ ಮೇಲೆ ಟರ್ಕಿ ಟವೆಲು, ಎಡಗೆನ್ನೆಯಲ್ಲಿ ಸದಾ ಒಂದು ಉಂಡೆ. ಮಾತಾಡುವಾಗ ತುಟಿ ಮೇಲೆತ್ತಿ, ಒಳಗಿನ ಕೆಂಪು ಸೋರದಂತೆ ಗದ್ದ ಚಾಚುತ್ತಿದ್ದರು. ನಾನು ಅವರ ಮುಖ ನೋಡದೆ ಗೋಡೆಯ ಕ್ಯಾಲೆಂಡರು ನೋಡುತ್ತಾ ಮಾತಾಡುವುದನ್ನು ಕಲಿತೆ.

"ಬರ್ರಿ ಅಕ್ಕಾರ, ಕುಂಡ್ರಿ. ಮನಿಗೆ ಯಾಕ್ರಿ ಸ್ಟ್ಯಾಟಿಕ್ಕು? ಕ್ಯಾಮೆರಾ ಹಾಕಾವ್ರಿದೀರೇನು?"

ನಾನು ವಿವರಿಸಿದೆ. ಅವರು ತಲೆಯಾಡಿಸುತ್ತಾ ಕೇಳಿ, ಕೊನೆಗೆ, "ಒಂದ ಕೆಲಸ ಮಾಡ್ರಿ, ನಿಮ್ಮ ಯಜಮಾನ್ರನ್ನ ಕಳಸ್ರಿ. ಅವರಿಗೆ ಹೇಳ್ತೀನಿ" ಎಂದರು.

ಯಜಮಾನರು ನನ್ನ ಹಿಂದೆಯೇ ನಿಂತಿದ್ದರು, ನನ್ನ ಚೀಲ ಹಿಡಿದುಕೊಂಡು. ಮುಂಡರಗಿಯ ಹೈಸ್ಕೂಲಿನಲ್ಲಿ ಜನ್ಮವಿಡೀ ಭೂಗೋಳ ಹೇಳಿದ ಸಾಧು ಮನುಷ್ಯ. ಕಂಪ್ಯೂಟರಿನ ಗುಂಡಿ ಯಾವ ಕಡೆಗಿದೆ ಎಂದು ಇವತ್ತಿಗೂ ಕೇಳುತ್ತಾರೆ. ಮಾಲೀಕರು ಅಲ್ಲಿಂದ ಮುಂದೆ ಪ್ರತಿ ಮಾತನ್ನೂ ಅವರಿಗೇ ಹೇಳಿದರು. ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದದ್ದು ನನ್ನ ತಲೆಯ ಮೇಲಿಂದ ಅವರಿಗೆ. ಅವರು "ಹೌದ್ರಿ, ಹೌದ್ರಿ" ಎನ್ನುತ್ತಾ ನನ್ನ ಮುಖ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಜ್ಜನ ಅಕ್ಷರ ಆ ಕುರ್ಚಿಯ ಆಚೆಗಿತ್ತು. ನುಂಗಿಕೊಂಡೆ.

"ಆತು ಬಿಡ್ರಿ, ನಾಳಿ ಮುಂಜಾನಿ ಮಾಡಿಕೊಡ್ತೀವಿ" ಎಂದರು.

ಆ ನಾಳೆಯ ಮುಂಜಾನೆ ಹತ್ತೊಂಬತ್ತು ದಿನ ಬರಲಿಲ್ಲ. ನಮ್ಮ ಊರಲ್ಲಿ ಯಾರಿಗೂ ಮುಖದ ಮೇಲೆ ಇಲ್ಲ ಎನ್ನುವ ಚಾಳಿಯಿಲ್ಲ. ಇಲ್ಲ ಎಂದರೆ ಒರಟುತನ. ನಾಳೆ ಎಂದರೆ ಸಂಭಾವಿತರು. ಮೂಗಿಗೆ ತುಪ್ಪ ಸವರಿ ಕಳಿಸುವುದರಲ್ಲಿ ಮಾಲೀಕರಿಗೊಂದು ಸಂತೋಷವೂ ಇತ್ತೆಂದು ಕಾಣುತ್ತದೆ. ಹೋದಾಗೊಮ್ಮೆ ಚಹಾ ಬರುತ್ತಿತ್ತು. ಅಂಚಿಗೆ ಯಾರದೋ ತುಟಿಯ ಗುರುತಿದ್ದ ಗ್ಲಾಸು. ನಾನು ಅದನ್ನು ಕುಡಿಯುತ್ತಿದ್ದೆ. ಕುಡಿಯದಿದ್ದರೆ ಬೇಜಾರಾದಾರು, ಕೆಲಸ ಕೆಟ್ಟೀತು ಎಂದು ಕುಡಿಯುತ್ತಿದ್ದೆ. ಮನೆಗೆ ಬಂದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೆ. ಯಾವುದು ಹೆಚ್ಚು ಹೊಲಸು, ಆ ಗ್ಲಾಸೋ, ಅದನ್ನು ನಕ್ಕು ಇಸಿದುಕೊಂಡ ನಾನೋ ಎಂದು ಆಗಲೇ ಯೋಚಿಸಿದ್ದುಂಟು.

ಇಪ್ಪತ್ತನೆಯ ದಿನ ಲೈನ್‌ಮನ್ ಮನೆಗೆ ಬಂದರು. ಮುಳಗುಂದದಿಂದ ಬೈಕಿನ ಮೇಲೆ ಏಣಿ ಕಟ್ಟಿಕೊಂಡು ಬರುವ ಐವತ್ತರ ಮುಸಲ್ಮಾನರು. ಇಡೀ ವ್ಯವಹಾರದಲ್ಲಿ ಕೈ ತೊಳೆದುಕೊಂಡು ನಮ್ಮ ಕಂಪ್ಯೂಟರು ಮುಟ್ಟಿದ ಮನುಷ್ಯ ಅವರೊಬ್ಬರೇ. ಪಾಪ, ಅರ್ಧ ತಾಸು ಏನೇನೋ ಒತ್ತಿ, ಒಂದು ಚೀಟಿಯ ಮೇಲೆ ನಂಬರು ಬರೆದುಕೊಟ್ಟರು. ನಾನು ಹುಬ್ಬಳ್ಳಿಗೆ ತಿಳಿಸಿದೆ. ಮೇಡಂ ಮರುದಿನ ಫೋನು ಮಾಡಿ, "ಈ ನಂಬರು ನಮಗ ಕಾಣಸೂದಿಲ್ರಿ, ನೀವು ಬೇರೆ ನಂಬರಿನಿಂದನ ಬರಾಕತ್ತೀರಿ" ಎಂದರು. ಕೊಟ್ಟದ್ದು ಮಾಲೀಕರ ಆಫೀಸಿನ ಒಳಗಷ್ಟೇ ನಡೆಯುವ ನಂಬರು. ಮಾಲೀಕರ ಯಂತ್ರಕ್ಕೆ ನಮ್ಮ ಮನೆಯ ಗುರುತು ಸಿಗಲು ಸಾಕು, ಹೊರಗಿನ ಲೋಕಕ್ಕೆ ನಾವು ಮತ್ತದೇ ಓಣಿಯ ಗುಂಪಿನಲ್ಲಿ.

ಮತ್ತೆ ಮೆಟ್ಟಿಲು. ಮತ್ತೆ ಉಗುಳು. "ಅದೂ ನಂಬರನ ಅಲ್ಲೇನ್ರಿ ಅಕ್ಕಾರ?" ಎಂದರು ಮಾಲೀಕರು, ಹೊರಗಿನ ನಂಬರಿಗೆ ಮೇಲಿನ ಕಂಪನಿಯವರನ್ನು ಕೇಳಬೇಕಾಗುತ್ತದೆ ಎಂದು ಗೊತ್ತಿದ್ದೂ. ನಾನು ಅಂದು ಮೊದಲ ಸಲ ದನಿ ಏರಿಸಿದೆ. "ಕೆಲಸ ಬರದಿದ್ರ ಬರೂದಿಲ್ಲ ಅನ್ರಿ. ಸೊಂಟ ಮುರಿದ ಹೆಂಗಸನ್ನ ತಿಂಗಳಗಟ್ಟಲೆ ಹತ್ತಿಸಿ ಇಳಿಸಾಕ ನಿಮಗ ನಾಚಿಕಿ ಬರೂದಿಲ್ಲೇನು?" ಅವರು ಸಿಟ್ಟಾಗಲಿಲ್ಲ. ಕಿಟಕಿಯಿಂದ ಹೊರಗೆ ಬಗ್ಗಿ ಉಗುಳಿ ಬಂದು, "ಆತ್ರಿ, ನಾಳಿ ಖರೆನ ಆಕ್ಕೇತಿ" ಎಂದರು. ಆಶ್ಚರ್ಯವೆಂದರೆ ಆ ವಾರ ಖರೆಯೇ ಆಯಿತು. ಹೊಸ ನಂಬರು ಬಂತು, ಹುಬ್ಬಳ್ಳಿಯಲ್ಲಿ ಕಾಣಿಸಿತು. ಮೇಡಂ "ಇವತ್ತಿಂದ ಹತ್ತು ದಿನ ಎಣಸ್ತೀವ್ರಿ" ಎಂದರು.

ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ನಾನು ದಿನಕ್ಕೊಂದು ಗೆರೆ ಎಳೆದೆ. ನಮ್ಮ ಮನೆಯ ಯಂತ್ರಕ್ಕೆ ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ತಂದಿಟ್ಟೆವು. ಯಜಮಾನರು ಅದರ ಬಳಿ ಹಾದುಹೋಗುವಾಗ ಧೋತರದ ಚುಂಗು ಎತ್ತಿ ಹಿಡಿದು, ಹಸುಗೂಸು ಮಲಗಿದೆಯೋ ಎಂಬಂತೆ ನಡೆಯುತ್ತಿದ್ದರು. ಎಂಟು ಗೆರೆ ಆದವು. ಒಂಬತ್ತನೆಯ ದಿನ ಖಂಡೇಪೂಜೆ.

ಆಯುಧಪೂಜೆಗೆ ನಾವು ಹಾಗೆನ್ನುವುದು. ಆ ದಿನ ಮಗ್ಗದವರು ಮಗ್ಗ, ಬಡಿಗರು ಉಳಿ, ಅಂಗಡಿಯವರು ತಕ್ಕಡಿ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಇಟ್ಟದ್ದನ್ನು ಮರುದಿನ ದಸರೆಯ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಮುಟ್ಟುವಂತಿಲ್ಲ. ಕೆಲಸ ಮಾಡಿದ ಕಬ್ಬಿಣಕ್ಕೆ ಒಂದು ದಿನದ ವಿಶ್ರಾಂತಿ. ಒಳ್ಳೆಯ ಪದ್ಧತಿಯೇ. ನಾನೂ ಅಂದು ಬೆಳಿಗ್ಗೆ ನಡೆಯುತ್ತಿದ್ದ ಕಂಪ್ಯೂಟರಿಗೆ, ಬಂದ್ ಮಾಡದೆಯೇ, ಕುಂಕುಮ ಹಚ್ಚಿ ಒಂದು ಚೆಂಡುಹೂ ಇಟ್ಟೆ. ದೇವರು ತಿಳಿದುಕೊಳ್ಳುತ್ತಾನೆ ಎಂದುಕೊಂಡೆ.

ಮಧ್ಯಾಹ್ನ ಎರಡರ ಸುಮಾರಿಗೆ ಲೈನು ಒಂದು ಗಳಿಗೆ ಹೋಗಿ ಬಂತು. ನಂಬರು ನೋಡಿದೆ. ನಮ್ಮದಲ್ಲ. ಮತ್ತೆ ನೋಡಿದೆ. ಓಣಿಯದು.

ಯಜಮಾನರು ಚಪ್ಪಲಿ ಹುಡುಕುವುದರೊಳಗೆ ನಾನು ರಿಕ್ಷಾದಲ್ಲಿದ್ದೆ. ಮೆಟ್ಟಿಲಿಗೆ ಅಂದು ನೀರು ಹೊಡೆದು ತೊಳೆದಿದ್ದರು. ಕೆಂಪು ನೀರು ಗೋಡೆಗುಂಟ ಇಳಿದು ಮಾವಿನೆಲೆಯ ತೋರಣದ ಕೆಳಗೆ ಮಡುಗಟ್ಟಿತ್ತು. ಒಳಗೆ ಊದಿನಕಡ್ಡಿಯ ಹೊಗೆ. ಮಣೆಯ ಮೇಲೆ ಓಣಿಗೆಲ್ಲ ಇಂಟರ್ನೆಟ್ಟು ಹಂಚುವ ಯಂತ್ರ, ವೈರುಗಳನ್ನೆಲ್ಲ ಬಿಚ್ಚಿ, ಸಾಲಾಗಿ ವಿಭೂತಿ ಎಳೆದು, ಗಾಳಿಯಾಡುವ ತೂತುಗಳ ಮೇಲೂ ಕುಂಕುಮ ಮೆತ್ತಿ, ಕೊರಳಿಗೆ ಹಾರ ಹಾಕಿ ಕೂಡಿಸಿದ್ದರು. ಅದರ ಪಕ್ಕ ಲ್ಯಾಪ್‌ಟಾಪು, ಇಕ್ಕಳ, ಏಣಿ. ಹಬ್ಬ ತಮ್ಮದಲ್ಲದಿದ್ದರೂ ಲೈನ್‌ಮನ್ ತಮ್ಮ ಹತ್ಯಾರನ್ನೆಲ್ಲ ತೊಳೆದು ಕೊಟ್ಟು ಮೂಲೆಯಲ್ಲಿ ಪ್ರಸಾದದ ದೊನ್ನೆ ಹಿಡಿದು ಕೂತಿದ್ದರು. ಮೂಲೆಯ ಸ್ಟೂಲಿನ ಮೇಲೆ ಯಾವುದೋ ಹಳೆಯ ಡಬ್ಬಿ ಗುರುಗುಡುತ್ತಿತ್ತು. ಓಣಿಯ ಜನಕ್ಕೆ ಹಬ್ಬದ ಸಿನಿಮಾ ತಪ್ಪಬಾರದಲ್ಲ, ಅದಕ್ಕಾಗಿ ಎರಡು ದಿನ ಹಳೆಯ ಯಂತ್ರ. ನನ್ನ ನಂಬರು ಇದ್ದದ್ದು ಹೊಸದರಲ್ಲಿ ಮಾತ್ರ. ಅದು ಹಾರ ಹಾಕಿಕೊಂಡು ಕೂತಿತ್ತು.

"ಐದು ಮಿನಿಟು ಚಾಲೂ ಮಾಡ್ರಿ. ಇಲ್ಲಾ ಆ ಹಳಿ ಡಬ್ಬಿಗೆ ನನ್ನ ನಂಬರು ಹಾಕ್ರಿ" ಎಂದೆ. "ನಾಳಿಗೆ ಹತ್ತು ದಿನ ಮುಗಿತಾವು. ಇವತ್ತು ಹೋತಂದ್ರ ನನ್ನ ಕೆಲಸ ಹೋತು."

"ಹಾಕಾಕ ಲ್ಯಾಪ್‌ಟಾಪ್ ಬೇಕಲ್ರಿ, ಅದೂ ಪೂಜಿಗೆ ಐತಿ" ಎಂದರು ಮಾಲೀಕರು. ಅಂದು ಅವರ ಬಾಯಿ ಸ್ವಚ್ಛವಿತ್ತು; ಹಬ್ಬಕ್ಕೆ ಅದನ್ನೂ ತೊಳೆದಿದ್ದರೇನೋ.

"ನಡಿಯೂದಕ್ಕ ಕುಂಕುಮ ಹಚ್ಚಿದ್ರ ದೇವರೇನು ಒಲ್ಲೆ ಅಂತಾನೇನು? ನಮ್ಮ ಮನ್ಯಾಗ ಹಂಗ ಮಾಡೀನಿ."

"ನಿಮ್ಮ ಮನಿ ಪದ್ಧತಿ ನಿಮಗ ಅಕ್ಕಾರ." ಅವರು ಕೈಮುಗಿದರು, ನನಗಲ್ಲ, ಯಂತ್ರಕ್ಕೆ. "ಪೂಜಿಗೆ ಇಟ್ಟೇವ್ರಿ, ಮುಟ್ಟಂಗಿಲ್ಲ. ಹಬ್ಬ ಮುಗಿಸಿಕೊಂಡು ಬರ್ರಿ."

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಕೂಗಬೇಕೆಂದು ಬಾಯಿ ತೆರೆದೆ. ಆದರೆ ಅವರ ಆ ಕೊನೆಯ ಎರಡು ಮಾತು ಮೊದಲೇ ಕೇಳಿದವು ಎನ್ನಿಸಿತು. ಅವು ನನ್ನವು. ಅಕ್ಷರ ಹೆಚ್ಚುಕಡಿಮೆಯಿಲ್ಲದೆ ನನ್ನ ಮಾತುಗಳೇ.

ದಫ್ತರಖಾನೆಯಲ್ಲೂ ಖಂಡೇಪೂಜೆ ಮಾಡುತ್ತಿದ್ದೆವು. ಹಬ್ಬದ ದಿನ ರಜೆಯಿರುವುದರಿಂದ ಹಿಂದಿನ ದಿನವೇ ಪೆನ್ನು, ಮೊಹರಿನ ಸಿಕ್ಕೆ, ದೊಡ್ಡ ವಹಿಗಳನ್ನು ಮೇಜಿನ ಮೇಲೆ ಇಟ್ಟು ಪೂಜೆ; ಮಧ್ಯಾಹ್ನಕ್ಕೆಲ್ಲ ಕೌಂಟರು ಬಂದ್. ಹೊಸ ಜಿಲ್ಲೆಯ ಮೊದಲ ವರ್ಷಗಳವು. ಅಂಥ ಒಂದು ಮಧ್ಯಾಹ್ನ ಶಿರಹಟ್ಟಿ ಕಡೆಯ ಒಬ್ಬ ಮುದುಕ ಕೌಂಟರಿಗೆ ಬಂದಿದ್ದ. ಆತ ಮೂರು ವಾರದಿಂದ ಬರುತ್ತಿದ್ದವನೇ. ಅವನ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದವರು ಕಲ್ಲು ಹಾಕಿ ಮುಚ್ಚಿದ್ದರು. ದಾರಿ ಅವನದೇ ಎಂದು ಸಂಸ್ಥಾನದ ಕಾಲದ ಒಂದು ಕಾಗದದಲ್ಲಿ ಬರೆದಿತ್ತು. ಕಾಗದ ಮೋಡಿಯಲ್ಲಿತ್ತು. ಅದನ್ನು ಓದಿ ನಕಲು ಬರೆದುಕೊಡುವವಳು ನನ್ನ ಹೊರತು ಯಾರೂ ಇರಲಿಲ್ಲ. ನಾನು ಅವನಿಗೆ ಮೂರು ವಾರ "ನಾಳಿ ಬರ್ರಿ" ಎಂದಿದ್ದೆ. ಕಾರಣವೇನೂ ಇರಲಿಲ್ಲ. ಗಂಟು ಮೇಲಿನ ಅಟ್ಟದಲ್ಲಿತ್ತು, ಅಷ್ಟೇ.

"ಹಬ್ಬದ ಮರುದಿನ ಮುಂಜಾನಿ ಸಾಹೇಬ್ರ ಮುಂದ ಕಾಗದ ಇಡಬೇಕ್ರಿ ಅಕ್ಕಾರ" ಎಂದ ಆತ. "ಇವತ್ತು ಆಗದಿದ್ರ ಆಗೂದಿಲ್ಲ."

ಗಂಟನ್ನು ಅಂದು ಬೆಳಿಗ್ಗೆ ಇಳಿಸಿಯಾಗಿತ್ತು. ಕಾಗದ ಎದುರಿಗೇ ಇತ್ತು, ಬರೆಯಲು ಹತ್ತು ಸಾಲು. ಪೆನ್ನು ಒಂದು ಗೇಣು ದೂರದಲ್ಲಿತ್ತು, ಮೇಲೆ ಅರಿಶಿನ ಕುಂಕುಮ. ಸಹೋದ್ಯೋಗಿಗಳು ಮಂಡಕ್ಕಿ ಬೆಲ್ಲ ಹಂಚುತ್ತಿದ್ದರು. ನಾನು ಆತನಿಗೂ ಒಂದು ಮುಷ್ಟಿ ಕೊಡಿಸಿ, "ಪೂಜಿಗೆ ಇಟ್ಟೇವ್ರಿ, ಮುಟ್ಟಂಗಿಲ್ಲ. ಹಬ್ಬ ಮುಗಿಸಿಕೊಂಡು ಬರ್ರಿ" ಎಂದೆ. ನನ್ನ ಚೀಲದಲ್ಲಿ ಪೂಜೆಗಿಡದ ಇನ್ನೊಂದು ಪೆನ್ನಿತ್ತು. ಅದು ಇತ್ತೆಂದು ನನಗೆ ಆಗಲೂ ಗೊತ್ತಿತ್ತು.

ಆತ ದನಿ ಏರಿಸಲಿಲ್ಲ. "ಆತ್ರಿ ಅಕ್ಕಾರ" ಎಂದು, ಪೆನ್ನಿನ ಮೇಲಿನ ಕುಂಕುಮವನ್ನು ಬೆರಳ ತುದಿಗೆ ತಗೊಂಡು ಹಣೆಗೆ ಹಚ್ಚಿಕೊಂಡು, ಮಂಡಕ್ಕಿಯನ್ನು ಟವೆಲಿನ ತುದಿಗೆ ಕಟ್ಟಿಕೊಂಡು ಹೋದ.

ಮಾಲೀಕರ ಎದುರು ನಿಂತು ನಾನು ಏನೇನು ಕೂಗಿದೆನೋ ನೆನಪಿಲ್ಲ, ಕೂಗಿದ್ದಂತೂ ಹೌದು. ಆ ಮುದುಕ ನೆನಪಾದ ಮೇಲೆ ಇನ್ನೂ ಹೆಚ್ಚು ಕೂಗಿದೆ. ಲೈನ್‌ಮನ್ ಎದ್ದು ಬಂದು, "ಅಕ್ಕಾರ, ನನ್ನ ಕೈಯಾಗಿದ್ರ ಮಾಡತಿದ್ದೆ, ಬರ್ರಿ" ಎಂದು ಮೆಲ್ಲನೆ ಮೆಟ್ಟಿಲ ತನಕ ಕರೆತಂದು ಬಿಟ್ಟರು. ತೋಯ್ದ ಮೆಟ್ಟಿಲ ಮೇಲೆ ಸೀರೆಯಂಚು ಕೆಂಪಾಯಿತು. ಮನೆಗೆ ಬಂದು ಅದನ್ನು ಮೂರು ಸಲ ಸೋಪು ಹಚ್ಚಿ ತಿಕ್ಕಿದೆ. ಕಲೆ ಹೋಗಲಿಲ್ಲ. ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಹುಬ್ಬಳ್ಳಿಯ ಆಫೀಸಿಗೂ ರಜೆಯಿತ್ತು. ಆದರೆ ಅವರ ಯಂತ್ರಕ್ಕೆ ಹಬ್ಬವಿರಲಿಲ್ಲ. ಸಂಜೆ ಐದಕ್ಕೆ ಒಂದು ಸಂದೇಶ ತಾನಾಗಿ ಬಂತು. ನಂಬರು ಬದಲಾಗಿರುವುದರಿಂದ ಅರ್ಜಿ ರದ್ದಾಗಿದೆ. ಮೂರು ದಿನ ಬಿಟ್ಟು ಮೇಡಂಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಖರೆಯೇ ಮರುಗಿದರು. "ನನ್ನ ಕೈಯಾಗ ಇದ್ರ ಕೊಡ್ತಿದ್ದೆ ರೀ, ಆದ್ರ ದಫ್ತರ ಆಗಲೇ ಪುಣೆಗೆ ಹೋಗೇತಿ" ಎಂದರು. ಎಲ್ಲರ ಕೈಯೂ ಅಷ್ಟಷ್ಟೇ ಉದ್ದ.

ಅದಕ್ಕೂ ಮುಂಚಿನ ಮಾತು ಹೇಳಬೇಕು. ದಸರೆಯ ಸಂಜೆ ಮಾಲೀಕರು ನಮ್ಮ ಮನೆಗೆ ಬಂದರು. ಹೊಸ ಜುಬ್ಬಾ, ಕೈಯಲ್ಲಿ ಪೇಡೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಬನ್ನಿ. ಆ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ತಗೊಂಡರೆ ವರ್ಷದ ಜಗಳವೆಲ್ಲ ಹರಿದಂತೆ. ಹಗೆಯವನು ಕೊಟ್ಟರೂ ಬೇಡವೆನ್ನುವಂತಿಲ್ಲ. ನಮ್ಮ ಕಡೆ ಹುಟ್ಟಿದ ಯಾರೂ ಎಂದೂ ಬೇಡವೆಂದದ್ದನ್ನು ನಾನು ನೋಡಿಲ್ಲ.

"ನಿಮ್ಮ ನಂಬರು ಚಾಲೂ ಆಗೇತ್ರಿ ಅಕ್ಕಾರ, ನೋಡಿಕೋರಿ. ಮಶೀನ್ ಎಬ್ಬಿಸಿದ ಕೂಡಲೇ ಮೊದಲ ನಿಮ್ಮದನ ನೋಡೀನಿ." ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನಿಂದ ಏನು ಹೋಯಿತೆಂದು ಅವರಿಗೆ ತಿಳಿದೇ ಇರಲಿಲ್ಲ. ತಿಳಿಯಬೇಕೆಂಬ ಗರಜೂ ಇರಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿ, ಎಲೆ ಚಾಚಿದರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ."

ಕೆನ್ನೆ ಮತ್ತೆ ಉಬ್ಬಿತ್ತು, ತುಟಿಯ ಮೂಲೆಯಲ್ಲಿ ಕೆಂಪು ಗೆರೆ. ಆ ಕೈಯಿಂದ ನನಗೆ ಬಂಗಾರವೂ ಬೇಡವಾಗಿತ್ತು. ನಾನು ಎಲೆ ತಗೊಳ್ಳದೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಹೊರಗೆ ಯಜಮಾನರು, "ಕೊಡ್ರಿ, ಕೊಡ್ರಿ, ಆಕಿಗೆ ಮೈಯಾಗ ಆರಾಮಿಲ್ಲ" ಎಂದು ತಾವೇ ತಗೊಂಡದ್ದು ಕೇಳಿಸಿತು.

ಕಂಪ್ಯೂಟರಿನ ಮುಂದೆ ಕೂತೆ. ನಂಬರು ಇತ್ತು, ನಮ್ಮದೇ. ಕುಂಕುಮ ಒಣಗಿ ಗುಂಡಿಗಳ ಸಂದಿಯಲ್ಲಿ ಉದುರಿತ್ತು. ತೆರೆದು ನೋಡಲು ಏನೂ ಇರಲಿಲ್ಲ. ಆಗ ಆ ಮುದುಕನ ಕಥೆಯ ಉಳಿದರ್ಧ ನೆನಪಾಯಿತು. ಇಷ್ಟು ವರ್ಷ ನಾನು ಅದನ್ನು ಮರೆತಿದ್ದೆನೆಂದಲ್ಲ. ಅದರಲ್ಲಿ ನೆನಪಿಡುವಂಥದ್ದು ಏನಾದರೂ ಇದೆಯೆಂದು ನನಗೆ ಅನಿಸಿರಲೇ ಇಲ್ಲ.

ಕಚೇರಿ ತೆರೆದ ಎರಡನೆಯ ದಿನ ಆತ ಮತ್ತೆ ಬಂದಿದ್ದ. ನಾನು ತಲೆಯೆತ್ತದೆ, "ಸಂಜಿಗೆ ಬರ್ರಿ, ನಕಲು ಬರೆದಿಡ್ತೀನಿ" ಎಂದೆ.

"ಕಾಗದ ಈಗ ಬ್ಯಾಡ್ರಿ ಅಕ್ಕಾರ, ದಾರಿ ಹೋತು" ಎಂದ. "ನಿನ್ನೆನ ಫೈಸಲ್ ಆತು. ಬನ್ನಿ ಕೊಡೂದಿತ್ತು, ಅದಕ್ಕ ಬಂದೆ."

ಶಿರಹಟ್ಟಿಯಿಂದ ಬಸ್ಸು ಹಿಡಿದು, ಅದಕ್ಕೆಂದೇ ಬಂದಿದ್ದ. ಕೌಂಟರಿನ ಸಂದಿಯಿಂದ ಎಲೆ ಇಟ್ಟು, ನನಗಿಂತ ಎಷ್ಟೋ ಹಿರಿಯನಾದವನು ನನಗೆ ಕೈಮುಗಿದು ನಿಂತ. ನಾನು ಎಲೆಯನ್ನು ಎಡಗೈಯಿಂದಲೇ ತಗೊಂಡು ಡ್ರಾಯರಿನಲ್ಲಿ ಒಗೆದು, ಅವನ ಹಿಂದೆ ನಿಂತವರಿಗೆ, "ಮುಂದಿನವರು ಬರ್ರಿ" ಎಂದೆ.